ತಗಡಿನ ಶೆಡ್ಡಿನ ಪೊಟ್ಟಣ

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನನ್ನ ಮುಂದಿನ ಬೆಂಚಿನ ಮೇಲೆ ಟೊಮ್ಯಾಟೊ ಬೆಳೆಯುವ ಒಬ್ಬ ಹೆಂಗಸು, ಗೊಬ್ಬರದಂಗಡಿ ಇಟ್ಟಿದ್ದ ಅವಳ ತಮ್ಮ ಕುಳಿತಿದ್ದರು. ಅವಳ ಕೈಯಲ್ಲಿ ವರದಿಯಿತ್ತು.

“ಬೇರು ಕಾಯೋ ಬ್ಯಾಕ್ಟೀರಿಯಾ ಅಂತ ಕೊಟ್ಟೆಯಲ್ಲೋ, ಪುಡಿಯಲ್ಲಿ ಒಂದೂ ಬದುಕಿಲ್ವಂತೆ. ನನ್ನ ಗಿಡವೆಲ್ಲ ಸೊರಗಿಹೋದ್ವು.”

“ಬಿಸಿಲಲ್ಲಿ ಇಟ್ಟಿರ್ತೀಯ, ಅಕ್ಕ.”

“ಒಡೆಯದ ಪೊಟ್ಟಣವನ್ನೇ ಪರೀಕ್ಷೆಗೆ ಕೊಟ್ಟಿದ್ದು. ನೀರಿನ ಮಡಕೆ ಪಕ್ಕ ತಣ್ಣಗಿಟ್ಟಿದ್ದೆ.”

ಅವನು ತನ್ನ ಚಪ್ಪಲಿ ನೋಡಿಕೊಂಡ. “ಬೇಸಿಗೆಯೆಲ್ಲ ನಮ್ಮ ತಗಡಿನ ಶೆಡ್ಡಲ್ಲೇ ಇತ್ತು.”

“ಗೊತ್ತಿದ್ದೂ ಕೊಟ್ಟೆಯಾ? ಪಕ್ಕದ ಹೊಲದವ್ರಿಗೂ ನೀನೇ ಕೊಟ್ಟಿದ್ದು. ಅವ್ರ ಗಿಡ ನಳನಳಿಸ್ತಿವೆ.”

“ಅವ್ರಿಗೆ ಹೊಸದು ಕೊಟ್ಟೆ. ಹಳೇದು ಕೊಟ್ರೆ ಅಂಗಡಿ ಮುಂದೆ ರಂಪ ಮಾಡ್ತಾರೆ.”

“ನಾನು?”

“ನೀನು ಅಕ್ಕ ಅಲ್ವಾ.”

ಅವಳು ವರದಿಯನ್ನು ಮಡಚಿ ಅವನ ಜೇಬಿಗೆ ತುರುಕಿದಳು. ಹೊರಗೆ ಅವನು ಸ್ಕೂಟರ್ ತಿರುಗಿಸಿ, ಅವಳಿಗಾಗಿ ಸೀಟು ಒರೆಸಿದ. ಅವಳು ಬಸ್ ನಿಲ್ದಾಣದತ್ತ ನಡೆದಳು.