ಮೊಳೆಯ ಡಬ್ಬಿ

ಆಸ್ಪತ್ರೆಗೆ ಹಲ್ಲುನೋವಿಗೆಂದು ಬಂದಿದ್ದ ದರ್ಜಿಗೆ ನೋವೇ ಮರೆತುಹೋಗಿತ್ತು. ಅವನ ಕಿವಿಯೆಲ್ಲ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಕಡೆಗಿತ್ತು. ಅತ್ತೆಯ ಮಗ ಸೋಫಾ ರಿಪೇರಿ ಮಾಡುವವನು; ಮೂಗಿನ ರಕ್ತ ನಿಲ್ಲದೆ ಅವನನ್ನು ಒಳಗೆ ಮಲಗಿಸಿದ್ದರು.

"ರಕ್ತ ಹೆಪ್ಪುಗಟ್ತಾನೇ ಇಲ್ವಂತೆ. ಇಲಿಪಾಷಾಣ ಹೊಟ್ಟೆಗೆ ಹೋಗಿರಬೇಕು ಅಂದ್ರು ಡಾಕ್ಟರು. ಅವನಿಗೆ ಬಡಿಸೋಳು ಯಾರಮ್ಮ?"

"ನಾನೇ ಅತ್ತೆ. ನಿಮಗೂ ಅದೇ ಪಾತ್ರೆಯಿಂದಲೇ ಬಡಿಸಿದ್ದು."

"ಮಾತಿಗೇನೂ ಕಮ್ಮಿ ಇಲ್ಲ. ಪಾಷಾಣ ತಂದೋಳು ನೀನೇ ತಾನೇ?"

"ಹೌದು. ಇಲಿ ಕಾಟ ನಿಂತ ಮೇಲೆ ಡಬ್ಬಿ ಸಮೇತ ಕಸಕ್ಕೆ ಹಾಕಿದೆ."

"ಅಷ್ಟು ಗಟ್ಟಿ ಡಬ್ಬೀನ ಯಾರಾದ್ರೂ ಬಿಸಾಕ್ತಾರಾ? ನಾನೇ ಕಸದಿಂದ ಎತ್ಕೊಂಡು, ಪುಡಿ ಕೊಡವಿ, ಮೊಳೆ ಹಾಕ್ಕೊಳ್ಳೋಕೆ ಅವನಿಗೆ ಕೊಟ್ಟೆ."

ಸೊಸೆ ತಿರುಗಿ ನೋಡಿದಳು.

"ಅತ್ತೆ, ಸೋಫಾಕ್ಕೆ ಬಟ್ಟೆ ಬಡಿಯೋವಾಗ ಅವರು ಮೊಳೆ ಎಲ್ಲಿಟ್ಕೋತಾರೆ?"

"ಎಲ್ಲಿ ಅಂದ್ರೆ... ಬಾಯಲ್ಲಿ."

ಮುದುಕಿಯ ಕೈ ತನ್ನ ತುಟಿಗೆ ಹೋಯಿತು.

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. "ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದೀವಿ, ರಕ್ತ ಸೋರೋದು ಕಮ್ಮಿಯಾಗ್ತಿದೆ. ಇನ್ನು ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ವಿಷ ಹೇಗೆ ಹೋಯ್ತು ಅಂತ ಗೊತ್ತಾಯ್ತಾ? ಒಳಗೆ ಬಂದು ಹೇಳಿ."

ಸೊಸೆ ಎದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡೇ ಹೊರಟಳು.

"ಡಬ್ಬಿ ನೀನೇ ಕೊಟ್ಟೆ ಅಂತ ಹೇಳಮ್ಮ. ನಿನ್ನನ್ನಾದ್ರೆ ಅವನು ಬೈದು ಸುಮ್ಮನಾಗ್ತಾನೆ."