ಅವ್ವ ಕಟ್ಟದ ಗಂಟು

ಒಂದಾನೊಂದು ಬಡಾವಣೆಯಲ್ಲಿ, ಅಂದರೆ ಬೆಂಗಳೂರಿನ ಬಿಟಿಎಂನಲ್ಲೇ, ಒಂದು ಕೊರಿಯರ್ ಆಫೀಸಿತ್ತು. ಸರತಿಯಲ್ಲಿದ್ದ ಸೌಮ್ಯಳ ಮುಂದೆ ಪಾರವ್ವ ನಿಂತಿದ್ದಳು. ಊರಿಂದ ಅವಳ ತಾಯಿ ಬಟ್ಟೆಯಲ್ಲಿ ಕಟ್ಟಿ ಕಳಿಸಿದ ರೊಟ್ಟಿ ಪುಡಿಯಾಗಿ ಬಂದಿತ್ತು; ಮೇಲಿಂದ ಮುಟ್ಟಿದರೇ ಗೊತ್ತಾಗುತ್ತಿತ್ತು. ಆ ಬಟ್ಟೆಗಂಟನ್ನು ಬಿಚ್ಚದೆ ಹಾಗೇ ಪಾರವ್ವ ಗುಮಾಸ್ತ ಮನೋಜನ ಮೇಜಿನ ಮೇಲಿಟ್ಟಳು.

“ಪ್ಯಾಕಿಂಗ್ ಸರಿಯಿಲ್ಲ ಅಂತ ಕ್ಲೇಮ್ ರಿಜೆಕ್ಟ್ ಆಗಿದೆ ಅಕ್ಕ.”

“ನಮ್ಮವ್ವನ ಮ್ಯಾಲೆ ಹಾಕಬ್ಯಾಡ್ರಿ. ದಾರ್ಯಾಗ ಯಾರೋ ಬಿಚ್ಯಾರ.”

“ಯಾರು ಬಿಚ್ತಾರೆ? ಗಂಟು ಹಾಗೇ ಇದೆಯಲ್ಲ.”

“ಇದು ಬೂಟಿನ ಲೇಸಿಗೆ ಹಾಕೋ ಗಂಟು. ನಮ್ಮವ್ವ ಜನ್ಮದಾಗ ಬೂಟು ಹಾಕಿಲ್ರಿ.”

ಮನೋಜ್ ಗಂಟನ್ನು ನೋಡಿದ. ಸೌಮ್ಯ ಮೇಜಿನ ಕೆಳಗೆ ಅವನ ಬೂಟನ್ನು ನೋಡಿದಳು.

“ನಾನಲ್ಲ ಅಕ್ಕ.”

“ನೀವಂತ ಯಾರಂದ್ರು? ಗಂಟು ತಂದು ತೋರಿಸಿದ್ರ ಬರಕೊಡ್ತೀನಿ ಅಂತ ನಿನ್ನೆ ಅಂದಿದ್ರಿ. ತಂದೀನಿ, ಬರೀರಿ.”

‘ಪಾರ್ಸೆಲ್ ದಾರಿಯಲ್ಲಿ ಬಿಚ್ಚಲಾಗಿದೆ’ ಎಂದು ಬರೆದು ಅವನು ಮೊಹರು ಒತ್ತಿ ಕಾಗದ ಕೊಟ್ಟ. ಪಾರವ್ವ ಗಂಟು ಸಡಿಲಾಗದಂತೆ ಎತ್ತಿಕೊಂಡು ಹೊರಟಳು.