ಮೂರೂ ಬೇಸ್ ತುಂಬಿದ್ದಾಗ

...ಕೂತ್ಕೊಳ್ಳಯ್ಯಾ, ಕೂತ್ಕೊ! ಎಲ್ಲಿಗೆ ಹೊರಟೆ? ಕೋಟು ಯಾಕೆ ಹಾಕ್ಕೊಂಡೆ? ಮಣ್ಣಿಗೆ ಬಂದವನು ಊಟ ಮಾಡದೆ ಎದ್ದು ಹೋಗಬಾರದು. ನಿಮ್ಮ ಗಣಿ ಊರಲ್ಲಿ ಹೇಗೋ ನಂಗೊತ್ತಿಲ್ಲ, ನಮ್ಮ ಸ್ಲೊವಾಕ್ ಜನದಲ್ಲಿ ಹೋಗಬಾರದು. ಆರ್ವಿಲ್ ಟ್ಯಾಕೆಟ್, ನಾನು ನಿನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಕೂತ್ಕೊ ಅಂದ್ರೆ ಕೂತ್ಕೊ.

ಹಾಂ. ಹಾಗೆ.

ತಟ್ಟೆಗೆ ಹೊಲುಪ್ಕಿ ಹಾಕ್ಕೊ. ಎಲೆಕೋಸಿನ ಎಲೆ ಸುತ್ತಿ, ಒಳಗೆ ಮಾಂಸ, ಅನ್ನ... ನನ್ನ ಹೆಂಡತಿ ಮಾರ್ಗಿತಾ ಮಾಡಿದ್ದು. ಬೇಡ್ವಾ? ಸರಿ, ಬೇಡ. ನನಗೂ ಇಳೀತಿಲ್ಲ.

ವೆರೋನಾ ಹಾಗಂದಳು ಅಂತ ಬೇಜಾರು ಮಾಡ್ಕೋಬೇಡ. ಹತ್ತೊಂಬತ್ತು ವರ್ಷ ಕಣಯ್ಯಾ! ತಮ್ಮ ಲಾಡೊನ ಬಾಯಿ ಒರೆಸಿ, ತುತ್ತಿಟ್ಟು, ಮದುವೆ ಗಿದುವೆ ಎಲ್ಲಾ ಬಿಟ್ಟು... ಇವತ್ತು ಶವಪೆಟ್ಟಿಗೆ ಹೊರೋಕೆ ನೀನು ಕೈ ಚಾಚಿದಾಗ ಅವಳ ಹೊಟ್ಟೆಯುರಿ ಬಾಯಿಗೆ ಬಂತು. "ನೀನು ಮುಟ್ಟಬೇಡ" ಅಂದಳು. ಇಡೀ ಚರ್ಚಿನ ಎದುರಿಗೆ. ಆಮೇಲೆ ನಿನ್ನ ಜಾಗಕ್ಕೆ ನನ್ನ ಕರೆದಳು, "ಎಮಿಲ್ ಮಾವ, ನೀವು ಬನ್ನಿ" ಅಂತ. ಹೋದೆ. ಹೋಗದೆ ಏನ್ ಮಾಡ್ಲಿ? ಹಗುರ ಇದ್ದ ಕಣಯ್ಯಾ ಲಾಡೊ. ಎಂಥಾ ಭುಜ ಇತ್ತು ಅವನಿಗೆ... ಪೆಟ್ಟಿಗೆ ಒಳಗೆ ಏನೂ ಇಲ್ಲವೇನೋ ಅನ್ನೋ ಹಾಗೆ...

ಒಂದು ಮಾತು ಹೇಳ್ತೀನಿ, ಕೇಳಿಸ್ಕೊ. ಅದಕ್ಕೇ ನಿನ್ನ ತಡೆದದ್ದು. ಉಕ್ಕಿನ ಕಾರ್ಖಾನೆ ಬೇಸ್‌ಬಾಲ್ ತಂಡಾನ ಹನ್ನೊಂದು ವರ್ಷ ನಡೆಸಿದವನು ನಾನು. ಆ ದಿನ ಲಾಡೊನ ಬ್ಯಾಟು ಕೊಟ್ಟು ಕಳಿಸಿದವನು ನಾನು. ಹೇಳ್ತೀನಿ... ನಿನ್ನ ತಪ್ಪಿಲ್ಲ. ಇಲ್ಲ! ನೀನು ಎಸೆದ ಚೆಂಡು ಕೈ ಜಾರ್ತು, ಹುಡುಗ ಬೆದರಿ ನಿಂತ, ತಲೆಗೆ ಬಡೀತು. ಅಷ್ಟೇ. ನಿನ್ನ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ. ಮನುಷ್ಯ ಬೆದರ್ತಾನೆ. ಮೂರೂ ಬೇಸ್ ತುಂಬಿದ್ದಾಗ ಎಂಥೆಂಥವರೋ ಬೆದರ್ತಾರೆ.

ಯಾಕೆ ನಗ್ತೀಯಾ? ನಕ್ಕೆ, ನಾನು ನೋಡಿದೆ. ಮೂಗಲ್ಲಿ ನಕ್ಕೆ.

ಬೆದರ್ತಿದ್ರು ಕಣಯ್ಯಾ ನಮ್ಮವರು! ಎದುರು ಆಡಿದವನು ನೀನು, ನಿನಗೇ ಗೊತ್ತಲ್ಲ. ಮಾರ್ಗಿತಾ ಕೇಳೋಳು, "ಏನು ಅದು, ಮೂರು ಜನ ಸುಮ್ನೆ ನಿಂತಿದ್ರೆ ನಿಮಗೆ ಯಾಕೆ ಬೆವರು?" ಅಂತ. ನಾನಂದೆ, ಲೇ, ಸುಮ್ನೆ ನಿಂತಿಲ್ಲ ಕಣೆ ಅವರು, ಒಂದೊಂದು ಬೇಸ್ ಮೇಲೆ ಒಬ್ಬೊಬ್ಬ, ಬಾಗಿಲಲ್ಲಿ ಕಾಯೋ ನೆಂಟರ ಹಾಗೆ ನಿಂತಿದ್ದಾರೆ, ಬ್ಯಾಟು ಹಿಡಿದವನು ಒಂದು ಸಲ ಸರಿಯಾಗಿ ಬಾರಿಸಿದ್ರೆ ಎಲ್ಲಾ ಮನೆಗೆ ಬರ್ತಾರೆ, ತಲೆಗೊಂದು ರನ್ನು! ಅದಕ್ಕೆ ಅವಳು, "ನಿಮ್ಮ ನೆಂಟರು ಬಾಗಿಲಲ್ಲೇ ಸಾಯ್ತಾರಲ್ರೀ" ಅಂದಳು.

ನಿಜ. ಸಾಯ್ತಿದ್ರು. ಐವತ್ತೆರಡನೇ ಇಸವಿ ಬೇಸಿಗೆ. ಮೂವತ್ತೆಂಟು ಸಲ ಮೂರೂ ಬೇಸ್ ತುಂಬಿಸಿದೆವು. ಮೂವತ್ತೆಂಟು! ಎಷ್ಟು ಸಲ ಹೊಡೆದರು ಹೇಳು? ಐದು. ಬೇಸ್ ಖಾಲಿ ಇದ್ದಾಗ ಸಿಂಹಗಳು. ಲಾಡೊನೂ ಹಾಗೇ. ಊರಿಗೇ ಒಳ್ಳೆ ಹೊಡೆತಗಾರ, ಆದರೆ ಬೇಸ್ ತುಂಬಿದಾಗ ಒಂಬತ್ತು ಸಲ ನಿಂತ, ಒಂಬತ್ತೂ ಸೊನ್ನೆ. ಶನಿ ಹೆಗಲೇರಿದ ಹಾಗೆ. ಕುಲುಮೆ ಮುಂದೆ ಜನ ಆಡ್ಕೊಂಡು ನಗೋರು. "ಎಮಿಲ್, ನಿಮ್ಮೋರಿಗೆ ಮೂರನೇ ಬೇಸಿಗೆ ಬೇಲಿ ಹಾಕ್ಸು, ಅಲ್ಲಿಂದ ಯಾರೂ ಬರಲ್ಲ ಹೇಗೂ" ಅನ್ನೋರು. ಹಾಡುಹಗಲೇ ಮುಖಕ್ಕೆ ಹೇಳೋರು. ನನಗೆ ನಿದ್ದೆ ಇಲ್ಲ. ಅನ್ನ ಸೇರಲ್ಲ. ಒಂದು ಆಟಕ್ಕೆ ಇಷ್ಟೊಂದಾ ಅಂತ ನೀನು ಕೇಳಬಹುದು...

ಕೇಳಲ್ಲ ನೀನು. ನೀನು ಏನೂ ಕೇಳಲ್ಲ. ಯಾವತ್ತೂ ಏನೂ ಕೇಳಿಲ್ಲ.

ಆ ಭಾನುವಾರ ಮಧ್ಯಾಹ್ನ ನೀನು ಎಷ್ಟು ಚೆನ್ನಾಗಿ ಎಸೆದೆ ಮಾರಾಯಾ! ದೊಡ್ಡ ತಂಡದವರು ನಿನ್ನ ನೋಡೋಕೆ ಬಂದು ಕೂತಿದ್ರಂತೆ. ಮಾರನೇ ದಿನ ಬಾ ಅಂದಿದ್ರಂತೆ. ನೀನು ಹೋಗ್ಲಿಲ್ಲ. ಆಮೇಲೆ ಚೆಂಡೇ ಮುಟ್ಲಿಲ್ಲ ಅಂತಾರೆ. ಯಾಕಯ್ಯಾ? ಒಂದು ಚೆಂಡು ಜಾರಿದ್ದಕ್ಕೆ? ಅದರ ಬದಲು ತಿಂಗಳಿಗೊಂದು ಭಾನುವಾರ ನಲವತ್ತು ಮೈಲಿ ಗಾಡಿ ಹೊಡ್ಕೊಂಡು ಬಂದು, ಲಾಡೊ ಜೊತೆ ಅವನ ಮನೆ ಮುಂದೆ ಮೆಟ್ಟಿಲ ಮೇಲೆ ಕೂತಿರೋದು! ವೆರೋನಾ ಒಳಗೆ ಬಿಡಲ್ಲ, ಒಂದು ಲೋಟ ನೀರು ಕೊಡಲ್ಲ, ಆದರೂ... ಓಡಿಸ್ತಿದ್ದಳು ಅವಳು. ಓಡಿಸೋಳೇ. ಆದರೆ ನೀನು ಬಂದ್ರೆ ಲಾಡೊ ನಗ್ತಾನೆ ಅಂತ ಬಿಟ್ಟಳು. ಮಾತು ಹೋಗಿತ್ತು, ನಗು ಹೋಗಿರ್ಲಿಲ್ಲ. ನನ್ನ ನೋಡಿದ್ರೆ ನಗ್ತಿರ್ಲಿಲ್ಲ. ಅದಕ್ಕೇ ನಾನು ಹೋಗೋದು ಕಮ್ಮಿ ಮಾಡ್ದೆ. ಹಬ್ಬಕ್ಕೆ ಒಂದ್ಸಲ, ಅಷ್ಟೇ, ಬಾಗಿಲ ಹತ್ತಿರ ನಿಂತು...

ಏನದು?

ಈಗ ಏನು ಮಾಡಿದೆ ನೀನು? ಕೈಯಲ್ಲಿ. ಇನ್ನೊಂದ್ಸಲ ಮಾಡು.

...ಯಾರು ತೋರಿಸಿದ್ರು ನಿನಗೆ ಅದನ್ನ? ಎಡ ಮೊಣಕೈ ಮೇಲೆ ಎರಡು ಸಲ ತಟ್ಟೋದು... ಯಾರು ಹೇಳಿದ್ರು? ಕೈ ಇಳಿಸು. ಇಳಿಸಯ್ಯಾ, ಜನ ನೋಡ್ತಾರೆ!

ಲಾಡೊ?

ಲಾಡೊ ತೋರಿಸ್ತಿದ್ನಾ? ಮೆಟ್ಟಿಲ ಮೇಲೆ ಕೂತಾಗ? ಎಷ್ಟು ಸಲ? ...ಪ್ರತಿ ಸಲ. ದೇವರೇ. ಹತ್ತೊಂಬತ್ತು ವರ್ಷ, ಪ್ರತಿ ಸಲ.

ಅವನಿಗೆ ಅಲ್ಲಿ ನೋವಿರಬೇಕು ಅಂತ ನೀನು ಅಂದ್ಕೊಂಡೆ. ಮೊದಲು ಹಾಗೇ ಅಂದ್ಕೊಂಡಿರ್ತೀಯ. ಆಮೇಲೆ... ಆಮೇಲೆ ಗೊತ್ತಾಯ್ತು. ಸನ್ನೆ ನೋಡಿಯೇ ಚೆಂಡು ಎಸೆಯೋ ಪಿಚರ್ ಅಲ್ವಾ ನೀನು. ಸನ್ನೆ ಯಾವುದು, ನೋವು ಯಾವುದು ಗೊತ್ತಾಗದೆ ಇರುತ್ತಾ.

ಹಾಗೆ ನೋಡ್ಬೇಡ. ಬೈದುಬಿಡು. ಸುಮ್ನೆ ನೋಡ್ಬೇಡ.

ಸರಿ! ಸರಿ, ಕೇಳು. ಕೊನೇ ಇನ್ನಿಂಗ್ಸು, ಮೂರು-ಮೂರು ಸಮ, ಇಬ್ಬರು ಔಟಾಗಿದ್ದಾರೆ, ಮೂರೂ ಬೇಸ್ ಮೇಲೆ ನಮ್ಮವರು. ಲಾಡೊ ಬ್ಯಾಟು ಎತ್ಕೊಂಡ. ನಾನು ಕರೆದೆ. ಹೆಗಲ ಮೇಲೆ ಕೈ ಹಾಕ್ದೆ. "ಹೊಡೀಬೇಡ" ಅಂದೆ. "ಟ್ಯಾಕೆಟ್ ಮೈ ಹತ್ತಿರಕ್ಕೇ ಎಸೀತಿದ್ದಾನೆ. ಚೆಂಡು ಬರೋ ದಾರಿಗೆ ಸರಿದು ನಿಲ್ಲು, ತಪ್ಪಿಸ್ಕೊಳ್ಳೋಕೆ ತಿರುಗೋ ಹಾಗೆ ಮಾಡಿ ಮೊಣಕೈ ಕೊಡು. ಅಂಪೈರಿಗೆ ಗೊತ್ತಾಗಬಾರದು." ಚೆಂಡು ಮೈಗೆ ಬಡಿದ್ರೆ ಅವನಿಗೆ ಮೊದಲ ಬೇಸ್ ಬಿಟ್ಟಿ, ಎಲ್ಲರೂ ಒಂದೊಂದು ಬೇಸ್ ಮುಂದೆ, ಮೂರನೇ ಬೇಸಿನವನು ಮನೆಗೆ, ನಮಗೆ ಒಂದು ರನ್ನು. ಆಟ ಮುಗೀತು. ಯಾರೂ ಹೊಡೀಬೇಕಾಗಿಲ್ಲ. ನನ್ನ ಜನಕ್ಕೆ ಹೊಡೆಯೋಕೆ ಬರಲ್ಲ, ಹೊಡೆಸ್ಕೊಳ್ಳೋಕಾದರೂ ಬರುತ್ತೆ ಅಂತ ಲೆಕ್ಕ ಹಾಕ್ದೆ ನಾನು.

ಅವನು ನಕ್ಕ. "ಎಮಿಲ್ ಮಾವ, ನಾನು ಹೊಡೀತೀನಿ. ಇವತ್ತು ಚೆಂಡು ಕುಂಬಳಕಾಯಿ ಗಾತ್ರ ಕಾಣ್ತಿದೆ ನಂಗೆ" ಅಂದ. ಆ ದಿನ ನಿನ್ನ ಚೆಂಡಿಗೇ ಎರಡು ಸಲ ಬಾರಿಸಿದ್ದ, ಜ್ಞಾಪಕ ಇದೆಯಾ? ಎರಡೂ ಗೋಡೆಗೆ. ನಾನಂದೆ... ನಾನೇನಂದೆ ಗೊತ್ತಾ? "ಒಂಬತ್ತು ಸಲ ನೋಡಿದ್ದೀನಿ ನಿನ್ನ ಕುಂಬಳಕಾಯಿ. ನಿನ್ನ ಕೈಲಾಗಲ್ಲ" ಅಂದೆ. ಅವನ ಮುಖ... ಇಪ್ಪತ್ತೆರಡು ವರ್ಷದವನು. ಅಪ್ಪ ಇಲ್ಲ. ನನ್ನ ಮಾತಂದ್ರೆ ವೇದವಾಕ್ಯ ಅವನಿಗೆ.

ಮೊದಲನೇ ಚೆಂಡು ಮೈಮೇಲೇ ಬಂತು. ಅವನು ಹಿಂದೆ ಹಾರಿದ! ಹಾರಿದ ಕಣಯ್ಯಾ, ಬೆಕ್ಕಿನ ಹಾಗೆ. ಬೆದರಿ ನಿಂತ ಅಂದ್ನಲ್ಲ, ಸುಳ್ಳು. ಅವನ ಮೈಗೆ ಬುದ್ಧಿ ಇತ್ತು. ನಾನು ಮೂರನೇ ಬೇಸ್ ಪಕ್ಕ ನಿಂತಿದ್ದೆ. "ಲಾಡೋ!" ಅಂತ ಕೂಗಿದೆ. ಅವನು ತಿರುಗಿ ನೋಡಿದ. ನಾನು ಮೊಣಕೈ ತಟ್ಟಿದೆ. ಒಂದು. ಎರಡು.

ಎರಡನೇ ಚೆಂಡಿಗೆ ಅವನು ಹಾರಲಿಲ್ಲ. ಬಾಗಿದ. ಮೊಣಕೈ ಕೊಡೋಕೆ ಬಾಗಿದ... ಚೆಂಡು ನಾನು ಅಂದ್ಕೊಂಡಿದ್ದಕ್ಕಿಂತ ಮೇಲೆ ಬಂತು, ತಲೆ ಕೆಳಗೆ ಹೋಯ್ತು. ಆ ಸದ್ದು... ನೀನೂ ಕೇಳಿದ್ದೀಯ.

ಇರು, ಇನ್ನೂ ಇದೆ. ಅವನು ಬಿದ್ದ. ಜನ ಕುಣೀತಾ ಮೈದಾನಕ್ಕೆ ನುಗ್ಗಿದ್ರು, ಗೆದ್ದೆವು ಅಂತ. ನಾನು ಓಡಿದೆ. ಅವನ ಹತ್ತಿರ ಅಲ್ಲ. ಅಂಪೈರ್ ಹತ್ತಿರ! ಚೆಂಡು ಬಡಿಸ್ಕೊಂಡವನು ಮೊದಲ ಬೇಸ್ ಮುಟ್ಟದಿದ್ರೆ ರನ್ ಇಲ್ಲ ಅಂತ ಎಲ್ಲಿ ತಕರಾರು ತೆಗೀತಾರೋ ಅಂತ, ಇನ್ನೊಬ್ಬನ ತೋಳು ಹಿಡಿದು, "ಹೋಗೋ, ಅವನ ಬದಲು ನೀನು ಹೋಗಿ ಬೇಸ್ ಮುಟ್ಟೋ" ಅಂತ ನೂಕಿದೆ. ಅವನು ಹೋಗಿ ಮುಟ್ಟೋವರೆಗೂ ನಿಂತು ನೋಡಿದೆ. ಆಮೇಲೆ ಬಂದು ಲಾಡೊ ಮುಖ ನೋಡಿದ್ದು. ಕಿವಿಯಿಂದ ಬರ್ತಿತ್ತು ರಕ್ತ. ನೀನು ಆಗಲೇ ಅಲ್ಲಿ ಮಂಡಿ ಊರಿ ಕೂತಿದ್ದೆ, ನಿನ್ನ ಅಂಗಿ ಬಿಚ್ಚಿ ಅವನ ತಲೆ ಕೆಳಗೆ ಇಟ್ಟು.

ಗೊತ್ತಾ ಮುಂದಿನ ವರ್ಷ ಏನಾಯ್ತು ಅಂತ? ಅದೇ ಜನ, ಅವನೊಬ್ಬ ಇಲ್ಲ, ಅಷ್ಟೇ. ಮೂರೂ ಬೇಸ್ ಇಪ್ಪತ್ತಾರು ಸಲ ತುಂಬಿತು. ಹನ್ನೊಂದು ಸಲ ಹೊಡೆದರು! ನಾನೇನೂ ಕಲಿಸಲಿಲ್ಲ, ಒಂದು ಮಾತೂ ಆಡಲಿಲ್ಲ, ಬಾಯಿ ಬಿಡೋ ಶಕ್ತಿಯೇ ಇರಲಿಲ್ಲ ನನಗೆ. ಸುಮ್ನೆ ಹೊಡೆದರು. ಬೆದರಿಕೆಯೂ ಇರಲಿಲ್ಲ, ಶನಿಯೂ ಇರಲಿಲ್ಲ ಕಣಯ್ಯಾ. ಒಂದು ವರ್ಷ ಬೀಳಲ್ಲ, ಒಂದು ವರ್ಷ ಬೀಳುತ್ತೆ, ಕವಡೆ ಹಾಗೆ. ಒಂಬತ್ತು ಸೊನ್ನೆ ಆದಮೇಲೆ ಹತ್ತನೆಯದನ್ನ ಅವನು ಗೋಡೆಗೆ ಹೊಡೀತಿದ್ನೋ ಏನೋ. ಹೊಡೀತಿದ್ದ. ಕುಂಬಳಕಾಯಿ ಕಾಣ್ತಿದೆ ಅಂದಿದ್ದ...

ಹೇಳಿದೆ. ಆಯ್ತಲ್ಲ. ನಿನಗೆ ಮೊದಲೇ ಗೊತ್ತಿತ್ತು, ಈಗ ನನ್ನ ಬಾಯಲ್ಲಿ ಕೇಳಿದೆ. ಇಷ್ಟು ವರ್ಷ ನೀನು ಯಾಕೆ ಸುಮ್ನಿದ್ದೆ? ಯಾರು ನಂಬ್ತಿದ್ರು ಅಂತಲಾ? ಮಾತಿಲ್ಲದವನ ಕೈಸನ್ನೆ, ಅದೂ ಅವನ ತಲೆ ಒಡೆದವನು ಬಂದು ಹೇಳಿದ್ರೆ... ಹೌದು, ನಂಬ್ತಿರಲಿಲ್ಲ. ವೆರೋನಾ ಅಂತೂ... 

ಯಾಕೆ ಅವಳ ಕಡೆ ನೋಡ್ತೀಯ?

ಅವಳಿಗೆ ನಿನ್ನ ಮೇಲೆ ಯಾಕೆ ಅಷ್ಟು ದ್ವೇಷ ಅಂತ ಯೋಚಿಸ್ತಿದ್ದೀಯಾ? ತಮ್ಮನಿಗೆ ಪೆಟ್ಟಾಯ್ತಲ್ಲ, ಅದಕ್ಕೇ. ಅಕ್ಕ ಅಲ್ವಾ. ಹೆಂಗಸು... ಮೈದಾನದಲ್ಲಿ ಎಷ್ಟೋ ಜನಕ್ಕೆ ಚೆಂಡು ಬಡಿಯುತ್ತೆ, ಯಾರೂ ಹತ್ತೊಂಬತ್ತು ವರ್ಷ ದ್ವೇಷ ಕಟ್ಕೊಳ್ಳಲ್ಲ, ಅದು ನಿಜ, ಆದರೆ...

ಆರ್ವಿಲ್. ಅವಳ ಕಡೆ ನೋಡೋದು ಬಿಡು.

ಆಸ್ಪತ್ರೆ ವರಾಂಡದಲ್ಲಿ ಕೇಳಿದಳು ಅವಳು. ಸಂಜೆ. ಕೈಯಲ್ಲಿ ಅವನ ಬೂಟು ಹಿಡ್ಕೊಂಡಿದ್ದಳು. "ಎಮಿಲ್ ಮಾವ, ಅವನು ಯಾಕೆ ಹಿಂದೆ ಸರೀಲಿಲ್ಲ?" ಅಂತ. ಬರೀ ಅಷ್ಟೇ ಕೇಳಿದ್ದು. ನನಗೆ ಬೇರೇನೂ ತೋಚಲಿಲ್ಲ ಕಣಯ್ಯಾ. ನಾನು... "ಸರಿಯೋಕೆ ಎಲ್ಲಮ್ಮಾ ಬಿಟ್ಟ? ಆ ಟ್ಯಾಕೆಟ್ ಬೇಕೂಂತಲೇ ತಲೆಗೆ ಎಸೆದ. ಎರಡು ಸಲ ಹೊಡೆಸ್ಕೊಂಡ ಸಿಟ್ಟಿಗೆ ಎಸೆದ. ನನ್ನ ಕಣ್ಣಾರೆ ನೋಡಿದೆ" ಅಂದೆ.

...

ಇದು ನಿನಗೆ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅಲ್ವಾ. ಲಾಡೊಗೂ ಗೊತ್ತಿರಲಿಲ್ಲ, ಅವನಾದರೂ ಹೇಗೆ ತೋರಿಸಿಯಾನು ನಿನಗೆ... ಹೊಡಿ. ಹೊಡಿ ನನ್ನ! ಇಲ್ಲೇ, ಎಲ್ಲರ ಎದುರಿಗೇ. ಯಾಕೆ ಕೋಟಿನ ಗುಂಡಿ ಬಿಚ್ಚಿದೆ? ಹೊರಟಿದ್ದವನು ಈಗ ಯಾಕೆ ಉಳ್ಕೊಳ್ತೀಯ? ಆ ಕುರ್ಚಿ ಯಾಕೆ ಎಳೀತಿದ್ದೀಯ? ಇಲ್ಲಿ ಇನ್ಯಾರು...

ಬೇಡ. ಇವತ್ತು ಬೇಡ ಮಾರಾಯಾ, ಅವಳ ತಮ್ಮನನ್ನ ಮಣ್ಣು ಮಾಡಿ ಇನ್ನೂ ಎರಡು ಗಂಟೆ ಆಗಿಲ್ಲ. ನಾಳೆ. ನಾಳೆ ನಾನೇ ಅವಳ ಮನೆಗೆ ಹೋಗಿ... ಹೋಗಲ್ಲ. ಹೌದು. ಹೋಗಲ್ಲ ನಾನು. ನಿನಗೆ ಗೊತ್ತು.

...ವೆರೋನಾ. ಇಲ್ಲಿ ಬಾಮ್ಮಾ. ಕಾಫಿ ಕೆಳಗಿಡು. ಇಲ್ಲ, ನನ್ನ ಪಕ್ಕ ಬೇಡ. ಅವನ ಪಕ್ಕ ಕೂತ್ಕೊ.